ಒತ್ತುವರಿಯೋ ಬಾಡಿಗೆಯೋ, ಕಪ್ಪೆಯನ್ನು ಕೇಳಿ

ಗಂಡು ಕಪ್ಪೆಯನ್ನು ಹೆಣ್ಣು ಕಪ್ಪೆಯಿಂದ ಬೇರ್ಪಡಿಸುವುದು ಹೇಗೆ ಅಂತ ಈಗಿನ ಲ್ಯಾಬ್ ಕೋರ್ಸುಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ನನಗೆ ಅದೇ ಮೊದಲ ಪಾಠ. ಕೆಲಸಕ್ಕೆ ಸೇರಿದ ದಿನ ಡಾಕ್ಟರ್ ಇಂದುಮತಿಯವರು ಒಂದು ನೆಲಗಪ್ಪೆಯನ್ನು ನನ್ನ ಅಂಗೈಗೆ ಇಟ್ಟು, "ಅದರ ಕಂಕುಳಲ್ಲಿ ಹಿಡಿದು ಮೆಲ್ಲಗೆ ಒತ್ತಮ್ಮ" ಅಂದರು. ಒತ್ತಿದೆ. ಕಪ್ಪೆ ಕ್ರಿಕ್ ಕ್ರಿಕ್ ಕ್ರಿಕ್ ಅಂತ ಬೈಯತೊಡಗಿತು. "ಗಂಡು" ಅಂದರು. ಇನ್ನೊಂದು ಕೊಟ್ಟರು. ಒತ್ತಿದೆ. ಅದು ನನ್ನನ್ನೇ ದುರುಗುಟ್ಟಿ ನೋಡುತ್ತ ಸುಮ್ಮನೆ ಕೂತಿತ್ತು.

"ಇದು ಹೆಣ್ಣು. ಒತ್ತಿದ ತಕ್ಷಣ ಕೂಗಾಡಿದ್ರೆ ಗಂಡು, ತಡ್ಕೊಂಡು ಕೂತ್ರೆ ಹೆಣ್ಣು. ಇಷ್ಟೇ ಬಯಾಲಜಿ. ನಮಗೆ ಬೇಕಾಗಿರೋದು ಕೂಗಾಡೋರು."

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಒಂದು ಧರ್ಮಾರ್ಥ ಹೆರಿಗೆ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಲ್ಯಾಬ್ ಅಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಮೆಟ್ಟಿಲ ಕೆಳಗಿನ ಒಂದು ಕೋಣೆ, ಒಂದು ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ದೀಪ, ಮತ್ತು ಒದ್ದೆ ಗೋಣಿಚೀಲ ಹೊದಿಸಿದ ಒಂದು ಸಿಮೆಂಟ್ ತೊಟ್ಟಿ. ತೊಟ್ಟಿಯ ತುಂಬ ನನ್ನ ಸಹೋದ್ಯೋಗಿಗಳು.

ಈಗ ನೀವು ಔಷಧಿ ಅಂಗಡಿಯಿಂದ ಒಂದು ಪಟ್ಟಿ ತಂದು, ಎರಡು ಗೆರೆ ಬಂತೋ ಒಂದೇ ಬಂತೋ ನೋಡಿ, ಅಳುವುದೋ ನಗುವುದೋ ಬಚ್ಚಲುಮನೆಯಲ್ಲೇ ಮುಗಿಸಿಬಿಡುತ್ತೀರಿ. ಆಗ ಆ ಗೆರೆಯ ಕೆಲಸವನ್ನು ಕಪ್ಪೆ ಮಾಡುತ್ತಿತ್ತು. ಹೆಂಗಸು ಬೆಳಗ್ಗೆ ಮೊದಲ ಮೂತ್ರವನ್ನು ಸೀಸೆಯಲ್ಲಿ ತರಬೇಕು. ಅದನ್ನು ಸೋಸಿ, ಒಂದಿಷ್ಟನ್ನು ಗಂಡು ಕಪ್ಪೆಯ ಬೆನ್ನಿನ ಚರ್ಮದ ಕೆಳಗೆ ಸೂಜಿಯಲ್ಲಿ ಏರಿಸುತ್ತಿದ್ದೆ. ಕಪ್ಪೆ ಕೆಲವು ಗಂಟೆ ಯೋಚಿಸುತ್ತಿತ್ತು. ಆಮೇಲೆ ಕಪ್ಪೆಯದೇ ಮೂತ್ರದ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟು ನೋಡಿದರೆ, ಆಕೆ ಬಸಿರಾಗಿದ್ದ ಪಕ್ಷದಲ್ಲಿ ಆ ಹನಿಯಲ್ಲಿ ಕಪ್ಪೆಯ ವೀರ್ಯಾಣುಗಳು ಜಾತ್ರೆಗೆ ಬಿಟ್ಟವರ ಹಾಗೆ ಓಡಾಡುತ್ತಿದ್ದವು. ಇಲ್ಲದಿದ್ದರೆ ಹನಿ ಖಾಲಿ. ಬಸಿರಿನ ಹೆಂಗಸಿನ ಮೂತ್ರದಲ್ಲಿರುವ ಒಂದು ಪದಾರ್ಥ ಕಪ್ಪೆಯನ್ನೂ ಹುರಿದುಂಬಿಸುತ್ತದೆ. ಸೂಜಿ ಹಾಕುವ ಮುಂಚೆಯೇ ಒಮ್ಮೆ ಕಪ್ಪೆಯ ಹನಿ ನೋಡಿಬಿಡಬೇಕು, ಅದು ಸ್ವಂತ ಕಾರಣಕ್ಕೆ ಹುರುಪಿನಲ್ಲಿದೆಯೇನೋ ಅಂತ. ಇದೊಂದು ನೇಮ ತಪ್ಪಿದರೆ ಊರೆಲ್ಲ ಬಸಿರು.

ನಮ್ಮಜ್ಜಿಗೆ ಈ ಕೆಲಸವನ್ನು ವಿವರಿಸಿ ಹೇಳಿದ ದಿನ ಅವರು ಒಲೆಯ ಮುಂದೆ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಅಲ್ವೇ ಲಲಿತಾ, ಒಂಬತ್ತು ತಿಂಗಳು ಕಾದ್ರೆ ಹೇಗೂ ಗೊತ್ತಾಗಲ್ವೇನೇ?" ಅಂದರು. ನನ್ನನ್ನು ನೋಡಲು ಗಂಡಿನವರು ಬಂದಾಗ ಮಾತ್ರ ಅಜ್ಜಿ ನನ್ನ ಪಕ್ಷ. ಹುಡುಗನ ಸೋದರತ್ತೆ, "ಹುಡುಗಿ ಆಸ್ಪತ್ರೆಯಲ್ಲಿ ಏನು ಕೆಲಸ ಮಾಡ್ತಾಳೆ?" ಅಂತ ಕೇಳಿದಾಗ ಅಜ್ಜಿ ಗಂಭೀರವಾಗಿ, "ಗಂಡಸರನ್ನ ಹಿಡಿದು ಸೂಜಿ ಹಾಕ್ತಾಳೆ. ಜಗ್ಗಲ್ಲ" ಅಂದರು. ಆ ಸಂಬಂಧ ಮುಂದುವರಿಯಲಿಲ್ಲ. ಮುಂದಿನದಕ್ಕೆ ಬಂದ ಹುಡುಗ ನಕ್ಕ. ಅವನನ್ನೇ ಮದುವೆಯಾದೆ.

ಕಪ್ಪೆಗಳು ಬರುತ್ತಿದ್ದುದು ನಾಯಂಡಹಳ್ಳಿಯಿಂದ. ತರುತ್ತಿದ್ದವನು ಖಾದರ್ ಅಣ್ಣ. ಸೈಕಲ್ಲಿನ ಕ್ಯಾರಿಯರಿನಲ್ಲಿ ಒದ್ದೆ ಚೀಲ, ಚೀಲದೊಳಗೆ ಕಚಪಚ. ಆಗ ನಾಯಂಡಹಳ್ಳಿಯ ಕಡೆ ಹೊಲ, ಹಳ್ಳ, ಇಟ್ಟಿಗೆಗೂಡಿನ ಗುಂಡಿಗಳು, ಎಲ್ಲ ಕಡೆ ಕಪ್ಪೆ. ಪ್ರತಿ ಸಲವೂ ಅವನದು ಒಂದೇ ಮಾತು: "ಎಲ್ಲಾ ಗಂಡೇ ಐತಮ್ಮಾ, ಗ್ಯಾರಂಟಿ." ಪ್ರತಿ ಸಲವೂ ಚೀಲದಲ್ಲಿ ಅರ್ಧಕ್ಕರ್ಧ ತಡೆದುಕೊಂಡು ಕೂರುವವರು.

"ಖಾದರ್ ಅಣ್ಣಾ, ಇದು ಹೆಣ್ಣು."

"ಕೂಗ್ತೈತೆ ಅಮ್ಮಾ, ನೋಡಿ," ಅಂತ ಒತ್ತುತ್ತಿದ್ದ. ಒತ್ತುವಾಗ ತುಟಿ ಅಲ್ಲಾಡಿಸದೆ ತಾನೇ ಕ್ರಿಕ್ ಕ್ರಿಕ್ ಅನ್ನುತ್ತಿದ್ದ. ಆ ಕಲೆಗಾಗಿಯೇ ನಾನು ಎಷ್ಟೋ ಸಲ ಎರಡು ಮೂರು ಹೆಣ್ಣುಗಳನ್ನು ಸುಮ್ಮನೆ ಇಟ್ಟುಕೊಂಡು ಆಮೇಲೆ ಹಿತ್ತಲಿಗೆ ಬಿಟ್ಟಿದ್ದೇನೆ.

ಇನ್ನು ಆಯಾ ಮುನಿಯಮ್ಮ. ಹೆರಿಗೆ ವಾರ್ಡಿನ ಅರ್ಧ ಮಕ್ಕಳು ಮೊದಲು ಕಂಡ ಮುಖ ಆಕೆಯದೇ. ತೊಟ್ಟಿಯ ಗೋಣಿಚೀಲಕ್ಕೆ ನೀರು ಚಿಮುಕಿಸಿ, ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ರುಬ್ಬುಗುಂಡು ಇಡುವ ಕೆಲಸ ಆಕೆಯದು. ಒಂದು ದಿನ ದಾನಿಯೊಬ್ಬರ ಹೆಂಡತಿ ಹೊಸ ವಾರ್ಡು ತೆರೆಯಲು ಬರುವವರಿದ್ದರು. ಬಂದವರಿಗೆ ಚಟ್ನಿ ಬೇಕಲ್ಲ. ಮುನಿಯಮ್ಮ ಆ ಗುಂಡನ್ನು ತೊಳೆದು ಅಡುಗೆಮನೆಗೆ ಒಯ್ದಳು. ಎಲ್ಲಿಯ ಗುಂಡು ಅದು ಅಂತ ಚಟ್ನಿ ತಿಂದವರಿಗೆ ಇವತ್ತಿಗೂ ಗೊತ್ತಿಲ್ಲ. ಹಲಗೆಯ ಮೇಲೆ ಭಾರ ಇಲ್ಲವಾದಾಗ ಕಪ್ಪೆಗಳು ಮೆಟ್ಟಿಲು ಹತ್ತಿದವು. ರಿಬ್ಬನ್ನು ಕತ್ತರಿಸಿ ದಾನಿಯ ಹೆಂಡತಿ ಒಳಗೆ ಕಾಲಿಡುವ ಹೊತ್ತಿಗೆ ಹೊಸ ವಾರ್ಡಿನ ಪ್ರತಿ ಮಂಚದ ಕೆಳಗೂ ಒಬ್ಬೊಬ್ಬರು ದಾಖಲಾಗಿದ್ದರು. ಇಂದುಮತಿಯವರು ಮುಖದ ಒಂದು ಗೆರೆಯೂ ಅಲುಗದಂತೆ, "ಇವರು ನಮ್ಮ ಲ್ಯಾಬ್ ಸಿಬ್ಬಂದಿ" ಅಂದರು.

ಸಂಜೆ ಒಂದು ಅಂಬಾಸಿಡರ್ ಕಾರು ಆಸ್ಪತ್ರೆಯ ಮುಂದೆ ನಿಂತಿತು. ಡ್ರೈವರ್ ಇಳಿದು, ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲೆ ಟವೆಲ್ ಹಾಸಿ ಕೂರಿಸಿದ್ದ ಒಂದು ಕಪ್ಪೆಯನ್ನು ಎತ್ತಿಕೊಂಡು ಬಂದ. "ಅಮ್ಮಾವ್ರ ಹ್ಯಾಂಡ್‌ಬ್ಯಾಗಲ್ಲಿತ್ತು ಮೇಡಂ. ನಿಮ್ದೇ ಇರ್ಬೇಕು ಅಂತ ಕಳ್ಸವ್ರೆ." ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ನಾನು ಅದುವರೆಗೆ ಕೂತಿರಲಿಲ್ಲ. ಆ ಕಪ್ಪೆಯನ್ನು ಕಂಡರೆ ನನಗೆ ಸ್ವಲ್ಪ ದಿನ ಹೊಟ್ಟೆಕಿಚ್ಚಿತ್ತು.

ಹೀಗೆ ನಕ್ಕೊಂಡು ಇದ್ದ ಕಾಲದಲ್ಲೇ ಪಾರ್ವತಿ ಬಂದದ್ದು.

ವಿಜಯನಗರದ ಹುಡುಗಿ. ಹುಡುಗಿ ಅನ್ನುವುದು ನನ್ನ ಪ್ರೀತಿ, ಮದುವೆಯಾಗಿ ಕೆಲವು ವರ್ಷ ಆಗಿತ್ತು. ಗಂಡ ಶಿವಣ್ಣ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಕೆಲಸದವನು. ಅತ್ತೆ ಬಸಮ್ಮ ದಾವಣಗೆರೆ ಕಡೆಯವರು, ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಪಾರ್ವತಿಗೆ ಅದು ಮೊದಲ ಬಸಿರು. ನನ್ನ ಕಪ್ಪೆ ಹೌದು ಅಂದಿತು. ಬಸಮ್ಮ ಲ್ಯಾಬಿನ ಬಾಗಿಲಿಗೆ ಬಂದು ಕಪ್ಪೆಗೆ ಕೈಮುಗಿದು ಸಕ್ಕರೆ ಹಂಚಿದರು.

ಆದರೆ ಹೊಟ್ಟೆ ಬೇಗ ಬೇಗ ಏರಿತು. ವಾಂತಿ ನಿಲ್ಲಲಿಲ್ಲ. ಒಂದು ದಿನ ರಕ್ತ ಕಂಡಿತು. ಇಂದುಮತಿಯವರು ಒಳಗಿದ್ದುದನ್ನು ತೆಗೆದಾಗ ಅಲ್ಲಿ ಮಗುವಿರಲಿಲ್ಲ. ನೆನೆಸಿದ ಸಬ್ಬಕ್ಕಿಯಂಥ ಗುಳ್ಳೆಗಳ ಗೊಂಚಲು. ಮುನಿಯಮ್ಮನಂಥವರು ಅದಕ್ಕೆ ಸಬ್ಬಕ್ಕಿ ಬಸಿರು ಅನ್ನುತ್ತಿದ್ದರು. ಬಸಿರಿನ ಬೇರು ಬಂದು, ಮಗು ಬರದೆ, ಬೇರು ಮಾತ್ರವೇ ಬೆಳೆಯುತ್ತ ಹೋದರೆ ಹೀಗಾಗುತ್ತದೆ. ಹೆಚ್ಚಿನವು ತೆಗೆದ ಮೇಲೆ ಮುಗಿದುಹೋಗುತ್ತವೆ. ಕೆಲವು ಮಾತ್ರ ಗರ್ಭಕೋಶದ ಗೋಡೆಯೊಳಕ್ಕೆ ನುಗ್ಗಿ ಉಳಿದುಕೊಳ್ಳುತ್ತವೆ, ಅಲ್ಲಿಂದ ಶ್ವಾಸಕೋಶದವರೆಗೂ ಹೊರಡುತ್ತವೆ. ಡಾಕ್ಟರರ ಭಾಷೆಯಲ್ಲಿ ಅದು ಇನ್ವೇಸಿವ್.

ಇದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಬೇಕಲ್ಲ. ಇಂದುಮತಿಯವರು ಮೊದಲು ಪುಸ್ತಕದ ಮಾತು ಹಿಡಿದರು. "ನೋಡಿ, ಇದು ಮುಂದೆ ಆಕ್ರಮಣ ಮಾಡಬಹುದು."

ಬಸಮ್ಮ ಸೆರಗು ಬಾಯಿಗಿಟ್ಟುಕೊಂಡರು. "ಯಾರ ಮ್ಯಾಲ್ರೀ? ಮತ್ತ ಯುದ್ಧ ಏನ್ರೀ?" ಹಿಂದಿನ ಯುದ್ಧದಲ್ಲಿ ಕಿಟಕಿಗೆ ಕಪ್ಪು ಕಾಗದ ಅಂಟಿಸಿ ದೀಪ ಆರಿಸಿ ಕೂತದ್ದು ಜನಕ್ಕೆ ಇನ್ನೂ ಮರೆತಿರಲಿಲ್ಲ.

"ಯುದ್ಧ ಅಲ್ಲಮ್ಮ. ದಾಳಿ ಅಂದ್ರೆ..."

"ದಾಳಿ ಅಂದ್ರ ಕಳ್ರಾ?"

ಇಂದುಮತಿಯವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಶಿವಣ್ಣನ ಕಡೆ ತಿರುಗಿ, "ನಿಮಗೆ ಸೈಟಿದೆಯೇನಪ್ಪ?" ಅಂತ ಕೇಳಿದರು. ಅವನು ಬೆಪ್ಪಾಗಿ, "ಶ್ರೀಗಂಧದ ಕಾವಲ್ ಹತ್ರ ಒಂದು ಚೂರು ಇದೆ ಮೇಡಂ. ಪಕ್ಕದೋನು ಎರಡಡಿ ಒಳಕ್ಕೆ ಬಂದು ಪಾಯ ತೋಡ್ಬಿಟ್ಟವ್ನೆ" ಅಂದ.

"ಅದೇ! ಒತ್ತುವರಿ!" ಡಾಕ್ಟರು ಮೇಜು ಕುಟ್ಟಿದರು. "ಮಗು ಅಂದ್ರೆ ಬಾಡಿಗೆಗೆ ಬಂದ ಹಾಗೆ. ಅದೂ ಗೋಡೆಗೆ ಮೊಳೆ ಹೊಡೆಯುತ್ತೆ, ಕೊರೆಯುತ್ತೆ, ನಲ್ಲಿ ನೀರೆಲ್ಲ ಎಳ್ಕೊಳ್ಳುತ್ತೆ. ಆದ್ರೆ ತನ್ನ ಕೋಣೆ ದಾಟಲ್ಲ, ಒಂಬತ್ತು ತಿಂಗಳಿಗೆ ಖಾಲಿ ಮಾಡುತ್ತೆ. ಇದು ಒತ್ತುವರಿ. ಗೋಡೆ ಒಡೆದು ಪಕ್ಕದ ಮನೆಗೂ ಹೋಗುತ್ತೆ. ತೆಗೆದಿದ್ದೀವಿ. ಪಾಯ ಉಳಿದಿದೆಯೋ ಇಲ್ಲವೋ ನೋಡ್ತಾ ಇರಬೇಕು."

"ನೋಡಾಕ ಸರ್ವೇಯರ್ ಬೇಕಲ್ರೀ?" ಅಂದರು ಬಸಮ್ಮ.

"ಇದ್ದಾನೆ. ಮೆಟ್ಟಿಲ ಕೆಳಗೆ, ತೊಟ್ಟಿಯಲ್ಲಿ."

ಅವತ್ತಿನಿಂದ ನನ್ನ ಕಪ್ಪೆಗಳಿಗೆ ಸರ್ವೇಯರ್ ಅಂತಲೇ ಹೆಸರು. ಆ ಮಾತಿನ ಮಹಿಮೆ ನೋಡಿ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಎಲ್ಲ ಆಗ ಕಟ್ಟುತ್ತಿದ್ದ ಊರುಗಳು. ಕಲ್ಲು ನೆಟ್ಟು, ದಾರ ಎಳೆದು, ಪಕ್ಕದವನನ್ನು ಗುಮಾನಿಯಿಂದ ನೋಡುವುದೇ ಭಾನುವಾರದ ಕೆಲಸ. ಮುಂದೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇರಲಿ, ಸ್ತನದ ಗಂಟಿರಲಿ, ಇಂದುಮತಿಯವರು, "ಗಂಟು ತನ್ನ ಸೈಟಲ್ಲೇ ಇದೆ" ಅಥವಾ "ಕಲ್ಲು ದಾಟಿದೆ" ಅಂದರೆ ಸಾಕು, ಎಷ್ಟು ಬೇಗ ಹೊರಡಬೇಕೆಂದು ಜನಕ್ಕೆ ಅರ್ಥವಾಗುತ್ತಿತ್ತು. ನೀವು ಈಗ ಲ್ಯಾಬಿಗೆ ಸೇರುವವರು ರಿಪೋರ್ಟಿನಲ್ಲಿ ಏನು ಬೇಕಾದರೂ ಬರೆಯಿರಿ. ಎದುರು ಕೂತವರಿಗೆ ಅವರ ಬೀದಿಯ ಮಾತಿನಲ್ಲಿ ಹೇಳಿ.

ಸಬ್ಬಕ್ಕಿ ಬಸಿರು ಪೂರ್ತಿ ಹೋಗಿದ್ದರೆ ಮೂತ್ರದಲ್ಲಿ ಆ ಪದಾರ್ಥವೂ ಕಡಿಮೆಯಾಗುತ್ತ ಹೋಗಬೇಕು. ಪಾರ್ವತಿ ಸೀಸೆ ತರುತ್ತಿದ್ದಳು, ಕಪ್ಪೆ ನೋಡುತ್ತಿತ್ತು. ಮೊದಮೊದಲು ಹೌದು, ಆಮೇಲೆ ಸುಮಾರಾಗಿ ಹೌದು, ಆಮೇಲೆ ಇಲ್ಲ. ಮತ್ತೆ ಇಲ್ಲ. ಇನ್ನೊಂದು ವರ್ಷ ಬಸಿರಾಗಬೇಡಿ, ಬಸಿರಾದರೆ ಯಾವುದು ಯಾವುದೆಂದು ನಮಗೆ ತಿಳಿಯುವುದಿಲ್ಲ ಅಂತ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದ್ದರು. ಶಿವಣ್ಣ ತಲೆ ತಗ್ಗಿಸಿ ಹೂಂಗುಟ್ಟಿದ್ದ.

ಮುಂಗಾರು ಹಿಡಿಯುವ ಹೊತ್ತಿಗೆ ಪಾರ್ವತಿ ಸುಮ್ಮನೆ ವಾಡಿಕೆಯ ಸೀಸೆ ಕೊಟ್ಟುಹೋದಳು. ಸಂಜೆ ಹನಿ ನೋಡಿದೆ. ಜಾತ್ರೆ. ಬೇರೆ ಕಪ್ಪೆ ತೆಗೆದುಕೊಂಡೆ. ಜಾತ್ರೆ. ಮೈಕ್ರೋಸ್ಕೋಪಿನಿಂದ ಕಣ್ಣೆತ್ತಿದಾಗ ಇಂದುಮತಿಯವರು ಬಾಗಿಲಲ್ಲಿ ನಿಂತಿದ್ದರು.

ಸರ್ವೇಯರಿಗೆ ಗೊತ್ತಾಗದ ಸಂಗತಿ ಅದೊಂದೇ. ಬೇರು ಇದೆ ಅಂತ ಹೇಳುತ್ತಾನೆ. ಯಾರ ಬೇರು ಅಂತ ಹೇಳುವುದಿಲ್ಲ. ಹಳೆಯ ಪಾಯ ಗೋಡೆಯೊಳಗೆ ಉಳಿದು ಮತ್ತೆ ಎದ್ದಿದ್ದರೆ, ಆಗ ನಮ್ಮಂಥ ಕಡೆ ಗೊತ್ತಿದ್ದ ದಾರಿ ಗರ್ಭಕೋಶವನ್ನೇ ತೆಗೆಯುವುದು, ಅದೂ ತಡಮಾಡದೆ. ಮಗುವೇ ಆಗಿದ್ದರೆ ತೆಗೆಯುವುದು ಎಂಥ ಕೆಲಸ ಅಂತ ಬೇರೆ ಹೇಳಬೇಕಿಲ್ಲ. ಎರಡಕ್ಕೂ ಮುಟ್ಟು ನಿಲ್ಲುತ್ತದೆ, ವಾಂತಿ ಬರುತ್ತದೆ, ಹೊಟ್ಟೆ ಏರುತ್ತದೆ. ಒಳಗೆ ಇಣುಕಲು ಈಗಿನ ಸ್ಕ್ಯಾನಿಂಗ್ ಇರಲಿಲ್ಲ. ಎಕ್ಸ್-ರೇ ಹಾಕಿದರೆ, ಮಗುವಿದ್ದರೆ ಅದಕ್ಕೆ ಕೇಡು.

ಡಾಕ್ಟರು ಗಂಡಹೆಂಡತಿಯನ್ನು ಕರೆಸಿ ಎರಡೂ ಸಾಧ್ಯತೆ ಹೇಳಿದರು. ಪಾರ್ವತಿ ಸೆರಗಿನ ತುದಿ ಸುತ್ತುತ್ತ, "ವರ್ಷ ಆಗ್ಲಿ ಅಂದಿದ್ರಿ. ಆಗಿಲ್ಲ. ತಪ್ಪಾಯ್ತು ಮೇಡಂ" ಅಂದಳು.

"ತಪ್ಪಾಗಿರೋದು ಏನಮ್ಮ? ಶಿವಣ್ಣ ಲೇತಿನ ಮುಂದೆ ನಿಂತಷ್ಟು ಹುಷಾರಾಗಿ ಮನೇಲಿ ಇರಲಿಲ್ಲ, ಅಷ್ಟೇ."

ಅಳುತ್ತಿದ್ದವಳು ನಕ್ಕುಬಿಟ್ಟಳು. ಶಿವಣ್ಣ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ.

ದೊಡ್ಡಾಸ್ಪತ್ರೆಯ ಪ್ರೊಫೆಸರಿಗೆ ಫೋನ್ ಹೋಯಿತು. ಕಾಯುವುದು ಹುಚ್ಚುತನ ಅಂದರಂತೆ. ಇಂದುಮತಿಯವರು ಪಟ್ಟು ಹಿಡಿದು ಒಂದು ಒಪ್ಪಂದಕ್ಕೆ ಬಂದರು. ವಾರವಾರ ಮೂತ್ರವನ್ನು ನೀರು ಬೆರೆಸಿ ತೆಳುಮಾಡಿ ಪರೀಕ್ಷೆ ಮಾಡುವುದು. ಬಹಳ ತೆಳುಮಾಡಿದರೂ ಕಪ್ಪೆ ಹೌದು ಅನ್ನುತ್ತಲೇ, ವಾರವಾರ ಇನ್ನೂ ಜೋರಾಗಿ ಅನ್ನುತ್ತಲೇ ಹೋದರೆ ಒತ್ತುವರಿ. ಒಂದು ಮಟ್ಟಕ್ಕೇರಿ ಇಳಿದರೆ ಬಾಡಿಗೆ. ಮೈಯಲ್ಲಿ ಬೇರೆ ಯಾವ ಕೆಟ್ಟ ಲಕ್ಷಣ ಕಂಡರೂ ಅಂದೇ ಕಳಿಸಬೇಕು. ಏನೂ ಕಾಣದಿದ್ದರೂ ಆಯುಧಪೂಜೆಯ ಹೊತ್ತಿಗೆ ಮಗುವಿನ ಎದೆಬಡಿತ ಕಿವಿಗೆ ಕೇಳಲೇಬೇಕು. ಕೇಳದಿದ್ದರೆ ಆಪರೇಷನ್.

ಅಂದರೆ ಭಾರವೆಲ್ಲ ನನ್ನ ತೊಟ್ಟಿಯ ಮೇಲೆ ಬಿತ್ತು. ತೊಟ್ಟಿಯ ಪರಿಸ್ಥಿತಿ ಏನಾಗಿತ್ತು ಗೊತ್ತೇ? ಮಳೆ ಬಿದ್ದಿದೆ. ಕಪ್ಪೆಗಳಿಗೆ ಇದು ಲಗ್ನದ ಕಾಲ. ಸೂಜಿ ಹಾಕುವ ಮುಂಚೆ ಯಾವ ಕಪ್ಪೆಯ ಹನಿ ನೋಡಿದರೂ ಜಾತ್ರೆ! ಒಬ್ಬರ ಬೆನ್ನ ಮೇಲೊಬ್ಬರು ಹತ್ತಿ ಗಂಡನ್ನು ಗಂಡೇ ತಬ್ಬಿಕೊಂಡು, ಕೆಳಗಿನವನು ಕ್ರಿಕ್ ಕ್ರಿಕ್ ಅಂತ ಬೊಬ್ಬೆ ಹೊಡೆದು, ತೊಟ್ಟಿಯೆಂಬುದು ಸಿನಿಮಾ ಟೆಂಟಿನ ನೆಲದ ಸೀಟಿನಂತಾಗಿತ್ತು. ಇವರ ಮಾತು ನಂಬಿ ಒಬ್ಬ ಹೆಂಗಸಿನ ಗರ್ಭಕೋಶ ನಿರ್ಧಾರವಾಗಬೇಕು.

"ಬ್ರಹ್ಮಚಾರಿಗಳು ಬೇಕು" ಅಂದೆ ಇಂದುಮತಿಯವರಿಗೆ. "ಒಬ್ಬೊಬ್ಬರನ್ನೂ ಬೇರೆ ಬೇರೆ ಇಟ್ಟು, ಯಾರನ್ನೂ ನೋಡದ ಹಾಗೆ, ಯಾರ ದನಿಯೂ ಕೇಳದ ಹಾಗೆ, ತಣ್ಣಗೆ ಸ್ವಲ್ಪ ದಿನ ಇಟ್ರೆ ಸರಿಹೋಗಬಹುದು."

"ಮಠ ಮಾಡು" ಅಂದರು.

ಮಠಕ್ಕೆ ಉಪ್ಪಿನಕಾಯಿ ಜಾಡಿಗಳು ಬೇಕಾದವು. ಮುನಿಯಮ್ಮ ವಾರ್ಡಿನಲ್ಲಿ ಹೇಳಿದ್ದೇ ತಡ, ಬಾಣಂತಿಯರ ತಾಯಂದಿರು, ನಾದಿನಿಯರು ತಂದುಕೊಟ್ಟರು. ಬಸಮ್ಮ ತಮ್ಮ ಮನೆಯ ಅತಿ ದೊಡ್ಡ ಜಾಡಿಯನ್ನು ಬಗಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. "ಅಪ್ಪೆಮಿಡಿ ಇತ್ರೀ. ಓಣಿಗೆಲ್ಲ ಹಂಚಿ ಖಾಲಿ ಮಾಡೀನಿ. ಹತ್ತು ಸಲ ತೊಳದೀನಿ. ಸ್ವಾಮಿಗೋಳು ಆರಾಮ ಇರ್ಲಿ." ಒದ್ದೆ ಪಾಚಿ ಹಾಸಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಜಾಡಿಗೊಬ್ಬರಂತೆ ಸ್ವಾಮಿಗಳನ್ನು ಕೂರಿಸಿ, ಲ್ಯಾಬಿನ ಕಪಾಟಿನಲ್ಲಿ ಸಾಲಾಗಿ ಇಟ್ಟೆವು. ತೊಟ್ಟಿಯವರನ್ನು ಖಾದರ್ ಅಣ್ಣ ನಾಯಂಡಹಳ್ಳಿಗೆ ವಾಪಸು ಒಯ್ದ. ಒಯ್ಯುವಾಗ, "ಕಪ್ಪೆ ವಾಪಸ್ ತಗೊಳೋದು ನಮ್ ಖಾಂದಾನಲ್ಲೇ ಇಲ್ಲಮ್ಮಾ" ಅಂತ ಬೇಜಾರು ಮಾಡಿಕೊಂಡ.

ಮಠದವರು ಒಬ್ಬೊಬ್ಬರಾಗಿ ತಣ್ಣಗಾದರು. ಹನಿ ಖಾಲಿ ಬರತೊಡಗಿತು. ಒಂದೇ ತೊಡಕು ಬಸಮ್ಮ. ದಿನಾ ಸಂಜೆ ಬೀದಿದೀಪಕ್ಕೆ ಬಂದ ಗೆದ್ದಲುಹುಳ ಹಿಡಿದು ಪೊಟ್ಟಣ ಕಟ್ಟಿಕೊಂಡು ಬರುತ್ತಿದ್ದರು.

"ಬಸಮ್ಮನೋರೇ, ಏನ್ ಮಾಡ್ತಾ ಇದೀರಿ?"

"ಏನಿಲ್ರೀ. ಸರ್ವೇಯರ್ ಮನಿಗೆ ಬಂದಾಗ ಬರೇ ಚಾ ಕೊಟ್ಟು ಕಳಸ್ತಾರೇನ್ರೀ?"

"ಅವನಿಗೆ ತಿನ್ನಿಸಿದ್ರೆ ಅಳತೆ ಬದಲಾಗಲ್ಲ."

"ನಮ್ ಸೈಟಿನ ಸರ್ವೇಯರೂ ಮೊದಲು ಹಂಗಾ ಅಂದಿದ್ದ."

ಕಡೆಗೆ ಮುನಿಯಮ್ಮ ಬಾಗಿಲಿಗೆ ಅಡ್ಡ ಕೂತಳು. "ಅಯ್ಯೋ ಬುಡಿ ತಾಯಿ, ಉಂಡು ಉಂಡು ಒಂದೊಂದೂ ಮುದ್ದೆ ಆದಂಗಾಗವೆ. ಸೂಜಿ ಚುಚ್ಚೋಕೆ ಜಾಗ ಬೇಡ್ವಾ ಈ ಲಲಿತಮ್ಮಂಗೆ?"

ಮೊದಲ ವಾರಗಳಲ್ಲಿ ಸ್ವಾಮಿಗಳು ಹೆದರಿಸಿದರು. ತೆಳುಮಾಡಿದಷ್ಟೂ ಹೌದು. ಇನ್ನೂ ತೆಳುಮಾಡಿದೆ, ಹೌದು. ಪಾರ್ವತಿ ಸೀಸೆ ಕೊಟ್ಟು ಹನಿ ನೋಡುವ ಹೊತ್ತಿಗೆ ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಇಂದುಮತಿಯವರಿಗೆ ಹೇಳುವವರೆಗೆ ನಾನು ಯಾರಿಗೂ ಹೇಳುವಂತಿಲ್ಲ. ಆದರೆ ನನ್ನ ಮುಖ ಗುಟ್ಟು ಕಾಯುವ ಮುಖವಲ್ಲ. ಆಕೆ ಅದನ್ನು ನೋಡಿ ಹೊರಟುಹೋಗುತ್ತಿದ್ದಳು. ಒಂದು ಸಂಜೆ ಮಾತ್ರ ತಿರುಗಿ ಬಂದು, "ಅಕ್ಕಾ, ಒತ್ತುವರಿ ಆದ್ರೂ ಒಂದೇ, ಮಗು ಆದ್ರೂ ಒಂದೇ, ನಂಗೆ ಒಳಗೆ ಒಂದೇ ಥರ ಅನ್ಸುತ್ತೆ. ಯಾರೋ ಇದಾರೆ ಅಂತ. ಅದಕ್ಕೇ ಭಯ" ಅಂದಳು. ಬಿಸಿ ಕಾಫಿ ಕೊಟ್ಟೆ.

ಆಕೆ ಹೋದ ಮೇಲೆ ಅದೇ ಮಾತನ್ನು ಡಾಕ್ಟರಿಗೆ ಹೇಳಿದೆ. ಅವರು ನನ್ನ ಸ್ಟೂಲಿನ ಮೇಲೆ ಕೂತು, "ಅವಳು ಹೇಳೋದರಲ್ಲಿ ತಪ್ಪಿಲ್ಲ ಕಣೇ" ಅಂದರು. "ಶುರುವಿನಲ್ಲಿ ಇಬ್ಬರೂ ಮಾಡೋದು ಒಂದೇ ಕೆಲಸ. ಮಗುವಿನ ಬೇರೂ ತಾಯಿಯ ಗೋಡೆ ಕೊರೆದು, ರಕ್ತನಾಳ ಒಡೆದು ಒಳಕ್ಕಿಳಿಯುತ್ತೆ. ಇಳಿಯದಿದ್ರೆ ಬದುಕಲ್ಲ. ನಾನೂ ನೀನೂ ಎಲ್ಲರೂ ಹೀಗೆ ನುಗ್ಗಿ ಬಂದೋರೇ. ಎಲ್ಲಿ ನಿಲ್ಲಬೇಕು ಅನ್ನೋದಷ್ಟೇ ವ್ಯತ್ಯಾಸ. ಮಗು ನಿಲ್ಲುತ್ತೆ. ಹೇಗೆ ನಿಲ್ಲುತ್ತೆ, ಅದೇ ನಿಲ್ಲುತ್ತೋ, ತಾಯಿಯ ಮೈ ನಿಲ್ಲಿಸುತ್ತೋ, ನನಗೆ ಗೊತ್ತಿಲ್ಲ." ಆಮೇಲೆ ಜಾಡಿಗಳ ಸಾಲಿನ ಕಡೆ ನೋಡಿ, "ಇವರಿಗೂ ಗೊತ್ತಿಲ್ಲ. ಆದ್ರೂ ದಿನಾ ಬಂದು ಕೇಳ್ತೀವಿ" ಅಂತ ನಕ್ಕು ಎದ್ದರು. ಮೇಲಧಿಕಾರಿ ತನಗೆ ಗೊತ್ತಿಲ್ಲ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದಾದ ಮೇಲೆ ಎಷ್ಟೋ ಮೇಲಧಿಕಾರಿಗಳನ್ನು ಕಂಡೆ. ಆ ಮಾತು ಮತ್ತೆ ಹೆಚ್ಚು ಕೇಳಲಿಲ್ಲ.

ಮಳೆಗಾಲ ಜೋರಾದ ಮೇಲೆ ಒಂದು ವಾರ ಅಳತೆ ಏರಲಿಲ್ಲ. ಮರುವಾರವೂ ಏರಲಿಲ್ಲ. ಆಮೇಲೆ ಇಳಿದ ಹಾಗೆ ಕಂಡಿತು. ನಾವು ಉಸಿರು ಬಿಡುವಷ್ಟರಲ್ಲಿ, ಒಂದೇ ಸೀಸೆಗೆ ಒಬ್ಬ ಸ್ವಾಮಿ ಹೌದೆಂದ, ಇನ್ನೊಬ್ಬ ಇಲ್ಲವೆಂದ. ಮೂರನೆಯವನನ್ನು ಕೇಳಿದರೆ ಅವನು ಜಾಡಿಯ ಬಟ್ಟೆ ಹರಿದುಕೊಂಡು ಪರಾರಿ. ಅವನನ್ನು ಹಿಡಿದದ್ದು ಲೆಕ್ಕದ ಗುಮಾಸ್ತರ ಕೋಣೆಯಲ್ಲಿ. ಗುಮಾಸ್ತರು ಕುರ್ಚಿಯ ಮೇಲೆ ಹತ್ತಿ ನಿಂತು, "ಅದನ್ನ ತಗೊಂಡ್ ಹೋಗ್ರೀ, ನಾನು ಬಸಿರಲ್ಲ!" ಅಂತ ಕೂಗುತ್ತಿದ್ದರು.

ಆಯುಧಪೂಜೆ ಹತ್ತಿರ ಬಂತು. ಪ್ರೊಫೆಸರು ಆಪರೇಷನ್ನಿಗೆ ದಿನ ಕೊಟ್ಟಾಗಿತ್ತು. ಶಿವಣ್ಣ ರಜೆ ಹಾಕಿದ್ದ. ಇನ್ನು ಉಳಿದದ್ದು ಕಿವಿ. ಇಂದುಮತಿಯವರ ಬಳಿ ಮರದ ಒಂದು ಪುಟ್ಟ ಕೊಳವೆಯಿತ್ತು. ಒಂದು ತುದಿ ಹೊಟ್ಟೆಯ ಮೇಲೆ, ಇನ್ನೊಂದು ತುದಿ ಕಿವಿಗೆ. ಹಿಂದಿನ ದಿನ ಇಟ್ಟು ನೋಡಿದ್ದರು, ಕೇಳಿರಲಿಲ್ಲ. ಅದರ ಹಿಂದಿನ ದಿನವೂ ಇಲ್ಲ. ಕೊನೆಯ ಸಂಜೆ ಮತ್ತೆ ಬಾ ಅಂದಿದ್ದರು.

ಆ ಮಧ್ಯಾಹ್ನ ಬಿದ್ದ ಮಳೆಯನ್ನು ನಾನು ಮರೆಯುವುದಿಲ್ಲ. ಮಾಗಡಿ ರಸ್ತೆಯಲ್ಲಿ ಬಸ್ಸುಗಳು ನಿಂತುಹೋದವು. ಪಾರ್ವತಿ, ಶಿವಣ್ಣ, ಬಸಮ್ಮ ಮೊಣಕಾಲಿನವರೆಗೆ ಒದ್ದೆಯಾಗಿ ನಡೆದೇ ಬಂದರು. ಸಂಜೆಯ ಹೊತ್ತಿಗೆ ಮಳೆ ನಿಂತು ಆಕಾಶ ಹಳದಿಯಾಯಿತು. ಪಾರ್ವತಿಯನ್ನು ಮಲಗಿಸಿದರು. ಇಂದುಮತಿಯವರು ಕೊಳವೆಗೆ ಕಿವಿಯಿಟ್ಟು ಕಣ್ಣುಮುಚ್ಚಿದರು. ನಾವೆಲ್ಲ ಮಂಚದ ಸುತ್ತ ನಿಂತೆವು.

ಆಗ ಶುರುವಾಯಿತು. ಕಿಟಕಿಯ ಹೊರಗೆ, ಕಾಂಪೌಂಡಿನಾಚೆ ನೀರು ತುಂಬಿದ ಮೋರಿಯಲ್ಲಿ ಒಂದು ಕಪ್ಪೆ. ಆಮೇಲೆ ಹತ್ತು. ಆಮೇಲೆ ಇಡೀ ಬೀದಿ. ಗೋಡೆ ನಡುಗುವ ಹಾಗೆ.

ಇಂದುಮತಿಯವರು ಕಣ್ಣು ತೆರೆದರು. "ಲಲಿತಾ, ನಿನ್ನೋರನ್ನ ಸುಮ್ಮನಿರಿಸು."

"ನಮ್ಮೋರು ಜಾಡೀಲಿದಾರೆ ಮೇಡಂ, ಸದ್ದಿಲ್ಲ. ಇವರು ಹೊರಗಿನೋರು."

"ಯಾರಾದ್ರೇನು! ಗಂಡಸರು ತಾನೇ? ಹೋಗಿ ಬಾಯಿ ಮುಚ್ಚಿಸು. ನಂಗೆ ಒಂದೇ ಒಂದು ನಿಮಿಷ ನಿಶ್ಶಬ್ದ ಬೇಕು."

ಕಪ್ಪೆಯ ಬಾಯಿ ಮುಚ್ಚಿಸುವ ಉಪಾಯ ಒಂದೇ. ಪಕ್ಕದಲ್ಲಿ ನೆಲ ಅದುರಬೇಕು, ಅದುರುತ್ತಲೇ ಇರಬೇಕು. ನಾನು ಚಪ್ಪಲಿ ಬಿಟ್ಟು ಓಡಿದೆ. ಹಿಂದೆಯೇ ಮುನಿಯಮ್ಮ. ಅವಳ ಹಿಂದೆ, ನೀರಿಳಿಯುವ ಸೀರೆಯನ್ನು ಕಚ್ಚೆ ಕಟ್ಟಿಕೊಂಡು ಬಸಮ್ಮ. ಮೂವರೂ ಮೋರಿಯ ಅಂಚಿನಲ್ಲಿ ಸಾಲಾಗಿ ನಿಂತು ಧಪ್ ಧಪ್ ಅಂತ ನೆಲ ತುಳಿಯತೊಡಗಿದೆವು. ನಾವು ತುಳಿದ ಕಡೆ ಸುಮ್ಮನಾಗುತ್ತಿದ್ದವು, ಆ ತುದಿಯಲ್ಲಿ ಶುರುವಾಗುತ್ತಿದ್ದವು. ಆ ತುದಿಗೆ ಓಡಿದರೆ ಈ ತುದಿ. ಹಾಲಿನ ಡಿಪೋದ ಮುಂದೆ ಕ್ಯೂ ನಿಂತಿದ್ದವರು ಕ್ಯೂ ಬಿಟ್ಟು ನೋಡಲು ಬಂದರು.

"ಏನ್ ಆಂಟಿ, ಹಾವಾ?"

"ಹಾವಲ್ಲಪ್ಪಾ, ತುಳೀರಿ ನೀವೂ! ಮಾತಾಡ್ಬೇಡಿ, ಬರೇ ತುಳೀರಿ!" ಮುನಿಯಮ್ಮ ಗದರಿದಳು. ಯಾಕೆ ಏನು ಅಂತ ಕೇಳದೆ ಅವರೂ ತುಳಿದರು. ರಾಜಾಜಿನಗರದ ಜನ ಹಾಗೆ. ಮೋರಿಯ ಉದ್ದಕ್ಕೂ ಹಾಲಿನ ಕ್ಯೂ ನಿಂತು ಒಂದೇ ಲಯದಲ್ಲಿ ನೆಲ ಗುದ್ದತೊಡಗಿದ ಮೇಲೆ, ಇಡೀ ಬೀದಿಯ ಕಪ್ಪೆಗಳು ಒಟ್ಟಿಗೆ ಬಾಯಿ ಮುಚ್ಚಿದವು. ನಮ್ಮ ಕಾಲಿನ ಸದ್ದು ಗೋಡೆಯಾಚೆ ಎಷ್ಟು ಕೇಳುತ್ತಿತ್ತೋ ಏನೋ, ನಿಲ್ಲಿಸಲು ಧೈರ್ಯ ಸಾಲದೆ ಬೆರಳ ತುದಿಯಲ್ಲಿ, ಮೆತ್ತಗೆ, ಮೆತ್ತಗೆ ತುಳಿದೆವು. ಬಸಮ್ಮನ ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ನಾನು ಕಿಟಕಿಯನ್ನೇ ನೋಡುತ್ತಿದ್ದೆ. ಪರದೆ ಅಲುಗಲಿಲ್ಲ.

ಆಮೇಲೆ ಅಲುಗಿತು. ಇಂದುಮತಿಯವರು ತಲೆ ಹೊರಗೆ ಹಾಕಿದರು. ಕಿವಿಯ ಸುತ್ತ ಕೊಳವೆಯ ಉಂಗುರದ ಗುರುತು ಕೆಂಪಗೆ ಮೂಡಿತ್ತು. ಕನ್ನಡಕ ಎಲ್ಲೋ ಹೋಗಿತ್ತು.

"ಕೇಳಿಸ್ತು!" ಅಂತ ಕೂಗಿದರು. "ಗಡಿಯಾರದ ಹಾಗೆ ಕೇಳಿಸ್ತು! ಬಾಡಿಗೇನೇ ಕಣ್ರೇ, ಬಾಡಿಗೆ! ಸಾಕು, ಇನ್ನು ಕುಣಿಯೋದು ನಿಲ್ಲಿಸಿ ಒಳಗೆ ಬನ್ನಿ."

ಹಾಲಿನ ಕ್ಯೂ ನಿಲ್ಲಿಸಿತು. ಮುನಿಯಮ್ಮ ಮೋರಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಒಳಗೆ ಶಿವಣ್ಣ ದೊಡ್ಡ ದನಿಯಲ್ಲಿ ಅಳುವುದು, ಪಾರ್ವತಿ ಅವನನ್ನು ಸಮಾಧಾನ ಮಾಡುವುದು ಕೇಳುತ್ತಿತ್ತು. ಬಸಮ್ಮ ಮಾತ್ರ ನಿಂತಲ್ಲೇ ನಿಂತು ಕಿಟಕಿಯ ಕಡೆ ಮುಖವೆತ್ತಿದರು.

"ಇಷ್ಟೊತ್ತನಕ ತುಳದದ್ದು ರೀ ಡಾಕ್ಟರಮ್ಮ," ಅಂದರು. "ಕುಣಿಯೋದು ಈಗ."

ಅಂದವರೇ ಎರಡೂ ಕೈ ಮೇಲೆತ್ತಿದರು.